ಅತ್ತೆ ಉಣ್ಣುವ ಹೊತ್ತು

ರಾತ್ರಿ ಹನ್ನೊಂದು ಗಂಟೆಗೆ ಹಾಸನದ ಅಂಗಡಿಬೀದಿಯ ಮೂಲೆಯ ಇಡ್ಲಿ ಗಾಡಿಯ ಮುಂದೆ, ಅರವತ್ತೆಂಟರ ಹೆಂಗಸೊಬ್ಬರು ಬಂದ ಬಂದವರನ್ನೆಲ್ಲ ಮುಂದಕ್ಕೆ ಬಿಟ್ಟು, ತಾವು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿರುವುದನ್ನು ನೀವೇನಾದರೂ ಕಂಡಿದ್ದರೆ, ದಯವಿಟ್ಟು ಅವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಲೆ ಕೆಟ್ಟಿರುವುದು ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿರುವ ನನಗೆ! ಅವರು ನಮ್ಮತ್ತೆ, ನಮ್ಮಪ್ಪನ ಒಬ್ಬಳೇ ತಂಗಿ. ಊಟದ ಸಾಲಿನಲ್ಲಿ ಹಿಮ್ಮುಖವಾಗಿ ಚಲಿಸುವ ಮನುಷ್ಯರು ಈ ಭೂಮಿಯ ಮೇಲೆ ಅವರೊಬ್ಬರೇ ಎಂದು ನಾನು ಛಾಪಾ ಕಾಗದದ ಮೇಲೆ ಬೇಕಾದರೂ ಬರೆದುಕೊಡುತ್ತೇನೆ.

ಅತ್ತೆಯ ಊರು ಹಳ್ಳಿಮೈಸೂರು. ಸಕ್ಕರೆ ಕಾಯಿಲೆ ತೋರಿಸಲು ತಿಂಗಳಿಗೊಮ್ಮೆ ಹೊಳೆನರಸೀಪುರದ ಮೇಲೆ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಲ್ಲ, ಹಾಗಾಗಿ ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು ಉಳಿಯುತ್ತಾರೆ. ಈ ಒಂದು ರಾತ್ರಿಗಾಗಿ ಅವರು ತಿಂಗಳಿಡೀ ಕಾಯುತ್ತಾರಂತೆ. ನಾನೂ ಕಾಯುತ್ತೇನೆ, ಅದು ಯಾವಾಗ ಕಳೆಯುತ್ತದೋ ಅಂತ!

ನಮ್ಮ ಮನೆಯಲ್ಲಿ ಏಳೂವರೆಗೆಲ್ಲ ಊಟ. ನಾನು, ನನ್ನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅತ್ತೆ ಬಂದ ದಿನ ಸೌಟು ಅವರ ಕೈಗೆ ಹೋಗುತ್ತದೆ. ಕಿತ್ತುಕೊಳ್ಳಲು ನನ್ನ ಹೆಂಡತಿ ಮೊದಮೊದಲು ಪ್ರಯತ್ನಿಸಿದಳು. ಆಗಲಿಲ್ಲ, ಬಿಟ್ಟಳು.

“ಅತ್ತೆ, ನಮ್ ಜೊತೇಲೇ ಕೂತ್ಕೋ ಬಾ.”

“ನೀವ್ ಉಣ್ರಲಾ ಮೊದ್ಲು. ನಂದೇನು ಅವಸ್ರ?”

ಒಂದು ಮುದ್ದೆ ಮುಗಿಸುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಬಿದ್ದಿರುತ್ತದೆ. ಸಾಕು ಎಂದರೆ, “ಕಚೇರೀಲಿ ಕೂತು ಕೂತು ಸೊರಗೋಗಿದ್ದೀಯ ಕಣ್ಲಾ” ಎನ್ನುತ್ತಾರೆ. ನನ್ನ ತೂಕ ತೊಂಬತ್ತು ಕೆಜಿ! ಎಲ್ಲರಿಗೂ ಹೀಗೆ ಬಡಿಸಿ ಮುಗಿಸುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತದೆ. ಹೆಂಡತಿ ಮುಂದಿನ ತಿಂಗಳು ಹೆಚ್ಚು ಮಾಡಿದಳು. ಅತ್ತೆ ಹೆಚ್ಚು ಬಡಿಸಿದರು. ಅದರ ಮುಂದಿನ ತಿಂಗಳು ಅವರ ಪಾಲನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಟ್ಟಳು. ಮೂಗು ಅಂದರೆ ಮೂಗು ನೋಡಿ, ಅದನ್ನೂ ಹುಡುಕಿ ತೆಗೆದು, ಮಹಡಿ ಮೇಲಿನ ಬಾಡಿಗೆಯವರಿಗೆ ಕೊಟ್ಟು ಬಂದರು. ನನ್ನ ಹೆಂಡತಿಯ ಮದುವೆ ಸೀರೆಯಿಂದ ಇವತ್ತಿಗೂ ಸೊಪ್ಪಿನ ಸಾರಿನ ವಾಸನೆ ಬರುತ್ತದೆ.

ಮತ್ತೆ ಒಲೆ ಹಚ್ಚಲು ಹೋದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. “ಈ ಒತ್ನಲ್ಲಿ ಆ ಮಗೀಗ್ಯಾಕಲಾ ತ್ರಾಸು? ಬೀದೀಲಿ ಗಾಡಿ ಇಲ್ವಾ? ನಡಿ, ಓಗ್ಬುಟ್ಟು ಬರಾನ!” ಆ ಮಗು ಎಂದರೆ ನಲವತ್ತೈದು ದಾಟಿದ ನನ್ನ ಹೆಂಡತಿ. ಅಷ್ಟಕ್ಕೂ ಹೊರಡುವುದು ಪಾತ್ರೆಗಳನ್ನೆಲ್ಲ ಬೆಳಗಿಟ್ಟ ಮೇಲೆಯೇ. ಹತ್ತು ಗಂಟೆಗೆ, ಮೂರು ಮುದ್ದೆ ನುಂಗಿ ಉಸಿರಾಡಲೂ ಆಗದ ನಾನು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುತ್ತೇನೆ.

ಆ ಹೊತ್ತಿಗೆ ಅಂಗಡಿಬೀದಿಯಲ್ಲಿ ಶೆಟರುಗಳು ದಡದಡ ಇಳಿಯುತ್ತಿರುತ್ತವೆ. ಬೆಳಗಿನಿಂದ ನಿಂತೇ ಸೀರೆ ಬಿಡಿಸಿ ತೋರಿಸಿದವರು, ಬಳೆ ತೊಡಿಸಿದವರು, ಸ್ಟೀಲು ಪಾತ್ರೆ ತೂಗಿದವರು ಎಲ್ಲರೂ ಬಂದು ಮಂಜಣ್ಣನ ಇಡ್ಲಿ ಗಾಡಿಯನ್ನು ಮುತ್ತಿಕೊಳ್ಳುತ್ತಾರೆ. ಇಡ್ಲಿಯ ಹಬೆ, ಚಿತ್ರಾನ್ನದ ಒಗ್ಗರಣೆ, ನನಗೊಂದು ನನಗೊಂದು ಎಂಬ ಗಲಾಟೆ. ಅತ್ತೆಯ ಮುಖ ಅರಳುವುದೇ ಅಲ್ಲಿ.

“ಅಮ್ಮಾ, ನಿಂಗೇನ್ ಕೊಡ್ಲಿ?” ಎಂದು ಮಂಜಣ್ಣ ಕೇಳುತ್ತಾನೆ.

“ನಂಗೆ ಆಮೇಲಪ್ಪ. ಈ ಉಡ್ಗಿ ಬೆಳಿಗ್ಗಿಂದ ನಿಂತೇ ಅವ್ಳೆ, ಇವ್ಳಿಗೆ ಕೊಡು.” ಸ್ವಲ್ಪ ಹೊತ್ತಿಗೆ, “ಇವ್ರು ಅರಕಲಗೂಡಿಗೆ ಓಗ್ಬೇಕಂತೆ, ಇವ್ರಿಗೆ ಕೊಡು.” ಇನ್ನು ಸ್ವಲ್ಪ ಹೊತ್ತಿಗೆ, “ಇವ್ನು ಕುಡ್ದವ್ನೆ, ಪಾಪ, ಒಟ್ಟೇಗೇನಾರ ಬೀಳ್ಲಿ!”

ಆ ಕುಡಿದವನು ಎರಡು ಸಲ ತಿಂದ. ನಮ್ಮತ್ತೆ ಒಂದು ಸಲವೂ ಇಲ್ಲ.

ಬರೀ ನಿಂತರೆ ಸಹಿಸಬಹುದಿತ್ತು. ಹತ್ತು ನಿಮಿಷದಲ್ಲಿ ಅವರು ಗಾಡಿಯ ಆ ಕಡೆಗೇ ಹೋಗಿಬಿಡುತ್ತಾರೆ. ತಟ್ಟೆ ದಾಟಿಸುತ್ತಾರೆ, ಚಟ್ನಿ ಹಾಕುತ್ತಾರೆ, ಚಿತ್ರಾನ್ನ ಬಿಟ್ಟವರನ್ನು ಬೈಯುತ್ತಾರೆ. “ಅಜ್ಜಿ, ಚಟ್ನಿ!” ಎಂದು ಕೂಗಿದವನಿಗೆ “ಬಂದೆ ಕಣಪ್ಪಾ” ಎಂದು ಓಡುತ್ತಾರೆ. ಒಂದು ರಾತ್ರಿ ಹಾಗೆ ಚಟ್ನಿ ಹಾಕಿಸಿಕೊಂಡವರು ನಮ್ಮ ಕಚೇರಿಯ ಮೇಲಧಿಕಾರಿ! ನಾನು ಪಕ್ಕದ ಕಂಬದ ಹಿಂದೆ ಸರಿದೆ. ತೊಂಬತ್ತು ಕೆಜಿಯನ್ನು ಯಾವ ಕಂಬ ಮರೆಮಾಡುತ್ತದೆ ಹೇಳಿ?

“ಲೇ, ಅಲ್ಯಾಕ್ ಬಚ್ಚಿಟ್ಕೊಂಡಿದ್ದೀಯ? ಬಾ, ಸಾಹೇಬ್ರಿಗೆ ನೀರು ಕೊಡು!” ಎಂದರು ಅತ್ತೆ.

ಮಾರನೆಯ ದಿನ ಸಾಹೇಬರು ನನ್ನನ್ನು ಒಳಗೆ ಕರೆದು, ಸರ್ಕಾರಿ ನೌಕರರು ಖಾಸಗಿ ವ್ಯಾಪಾರ ಮಾಡಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂದು ಬಹಳ ಮೃದುವಾಗಿ ತಿಳಿಸಿದರು.

ಇನ್ನೊಂದು ರಾತ್ರಿ ಅತ್ತೆಯ ಸರದಿ ಬರುವಷ್ಟರಲ್ಲಿ ಗಾಡಿಯಲ್ಲಿ ಏನೂ ಉಳಿದಿರಲಿಲ್ಲ. ಮಂಜಣ್ಣ ಮುಖ ಸಣ್ಣದು ಮಾಡಿಕೊಂಡು ಚಿತ್ರಾನ್ನದ ತಳ ಕೆರೆದು ಕೊಟ್ಟ. ಅತ್ತೆ ಅದನ್ನೇ ನಿಂತುಕೊಂಡು ತಿಂದು ಕೈತೊಳೆದರು. ನನಗೆ ಸಿಟ್ಟು ನೆತ್ತಿಗೇರಿತು.

“ಇದನ್ನ ತಿನ್ನೋಕೆ ಇಷ್ಟ್ ದೂರ ಬರಬೇಕಿತ್ತಾ?”

“ಎಲ್ರೂ ಉಂಡ್ರಲ್ಲಾ, ಇನ್ನೇನಲಾ ನಿನ್ ರಾಗ?”

ನನ್ನ ರಾಗಕ್ಕೆ ಕಾರಣವಿತ್ತು. ಡಾಕ್ಟರು ಸಂಜೆ ಏಳಕ್ಕೆ ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ಊಟ ಮಾಡಬೇಕೆಂದು ಹೇಳಿದ್ದರು. ಅತ್ತೆ ಮಾತ್ರೆಯನ್ನು ಮಾತ್ರ ಏಳಕ್ಕೆ ಸರಿಯಾಗಿ ನುಂಗುತ್ತಿದ್ದರು. ಊಟ ಹನ್ನೊಂದೂವರೆಗೆ! ಏನಾದರೂ ಆಗಬೇಕಿತ್ತು, ಆಯಿತು. ಕಳೆದ ಬೇಸಿಗೆಯ ಒಂದು ರಾತ್ರಿ, ಯಾರದೋ ತಟ್ಟೆ ಕೈಯಲ್ಲಿರುವಾಗಲೇ ಅತ್ತೆ ಬೆವರಿ, ಕಣ್ಣು ಮೇಲೆ ಮಾಡಿ, ಕುಸಿದುಬಿಟ್ಟರು. ಮಂಜಣ್ಣನೇ ಓಡಿ ಬಂದು ಬಾಯಿಗೆ ಸಕ್ಕರೆ ನೀರು ಹಾಕಿದ. ಐದು ನಿಮಿಷದ ಮೇಲೆ ಕಣ್ಣು ಬಿಟ್ಟವರು ಮೊದಲು ಕೇಳಿದ್ದು ಏನು ಗೊತ್ತೇ?

“ಅವ್ರ ತಟ್ಟೆ ಬಿದ್ದೋಯ್ತಾ? ಅವ್ರಿಗೆ ಬ್ಯಾರೆ ಆಕ್ಕೊಟ್ರಾ?”

ಸುದ್ದಿ ಹಳ್ಳಿಮೈಸೂರಿಗೆ ಹೋಯಿತು. ಅತ್ತೆ ಇನ್ನೂ ನಮ್ಮ ಮನೆಯಲ್ಲಿರುವಾಗಲೇ ಅವರ ಮಗ ಫೋನು ಮಾಡಿದ. “ನೋಡು ಭಾವ, ಇನ್ನೊಂದೇ ಒಂದ್ ಸಲ ಕಳುಸ್ತೀನಿ. ಎಂಟ್ರೊಳಗೆ ಅವ್ವ ಉಂಡ್ರೆ ಸರಿ. ಇಲ್ದಿದ್ರೆ ಹಾಸನ ಬಂದ್! ಇಲ್ಲೇ ಆಸ್ಪತ್ರೇಲಿ ತೋರ್ಸ್ಕೊಂಡು ತೆಪ್ಪಗೆ ಮನೇಲಿರ್ಲಿ.” ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನೂ ಹ್ಞೂ ಅಂದೆ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ಅತ್ತೆ ಸೆರಗಿನ ಅಂಚು ತಿರುಗಿಸುತ್ತಾ ಕೇಳಿದರು.

“ತಿಂಗ್ಳಿಗೊಂದು ರಾತ್ರಿ ಕಣ್ಲಾ ನಂದು ಅಂತ ಇರೋದು. ಅದ್ನೂ ಕಿತ್ಕೊಂಡ್ಬುಡ್ತೀರಾ?”

ನನಗೆ ಅಯ್ಯೋ ಅನ್ನಿಸಿತು. ಮುಂದಿನ ಸಲ ಏನಾದರೂ ಮಾಡಿ ಎಂಟರೊಳಗೆ ಇವರಿಗೆ ಉಣ್ಣಿಸಲೇಬೇಕೆಂದು ಗಂಡ ಹೆಂಡತಿ ಸೇರಿ ಯೋಚಿಸಿದೆವು. ಎಲ್ಲರೂ ಉಂಡ ಮೇಲೆ ತಾನೇ ಇವರು ಉಣ್ಣುವುದು? ನಾವೇ ಆರಕ್ಕೆ ಉಂಡುಬಿಟ್ಟರಾಯಿತು! ಮುಂದಿನ ತಿಂಗಳು ಅತ್ತೆ ಬಂದ ಸಂಜೆ ಮಕ್ಕಳು ಅಳುತ್ತಾ, ಕಾಫಿ ಕುಡಿದ ಬಾಯಲ್ಲೇ ಮುದ್ದೆ ನುಂಗಿದರು. ಆರೂವರೆಗೆ ನಾನು ವಿಜಯದಿಂದ ಕೈತೊಳೆದು ಬಂದು, “ಎಲ್ಲಾ ಉಂಡ್ವಿ ಅತ್ತೆ, ಇನ್ನ ನಿಂದೇ” ಎಂದೆ.

“ಮ್ಯಾಲ್ಗಡೆ ಮನೆಯೋರು ಉಂಡ್ರೇನಲಾ?”

ಬಾಯಿಗೆ ಏನೇನೋ ಬಂತು. ನುಂಗಿಕೊಂಡು, ಬಳೆ ತರಬೇಕು ಎಂದು ಸುಳ್ಳು ಹೇಳಿ, ಅತ್ತೆಯನ್ನು ಸ್ಕೂಟರಿಗೆ ಹತ್ತಿಸಿ ನೇರ ಮಂಜಣ್ಣನ ಗಾಡಿಗೆ ಬಂದೆ. ಗಂಟೆ ಏಳಾಗಿತ್ತು. ಬೀದಿಯ ತುಂಬ ದೀಪ, ಅಂಗಡಿಗಳಲ್ಲಿ ಜನ, ಮಂಜಣ್ಣ ಆಗತಾನೇ ಮೊದಲ ಇಡ್ಲಿ ಪಾತ್ರೆ ಇಳಿಸುತ್ತಿದ್ದ. ಅವನಿಗೆ ಮೊದಲೇ ಫೋನಿನಲ್ಲಿ ಎಲ್ಲ ಹೇಳಿಕೊಂಡಿದ್ದೆ. ಅವನು ಎರಡು ಇಡ್ಲಿ ಹಾಕಿ ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದ.

“ತಗಾ ಅವ್ವಾ, ಇವತ್ತು ಬೋಣಿ ನಿಂದು.”

“ನಂಗ್ಯಾಕಪ್ಪಾ? ಅಲ್ಲಿ ನಿಂತವ್ರಲ್ಲ, ಅವ್ರಿಗೆ ಕೊಡು.”

“ಆಗಾಕಿಲ್ಲ. ಎಂಟ್ ದಿನದಿಂದ ಯಾವಾರ ಡಲ್ಲು. ನಿನ್ ಕೈಗುಣ ಒಳ್ಳೇದು ಅಂತ ಕಾಯ್ಕೊಂಡಿವ್ನಿ. ನೀನು ತಿನ್ನೋಗಂಟ ನಾನು ಒಬ್ರಿಗೂ ಕೊಡಾಕಿಲ್ಲ, ನೋಡು!” ಎಂದವನೇ ಪಾತ್ರೆಯ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತ.

ಅತ್ತೆ ಪೇಚಿಗೆ ಸಿಕ್ಕಿಬಿದ್ದರು. ತಾನು ತಿನ್ನದಿದ್ದರೆ ಊರೆಲ್ಲ ಉಪವಾಸ! ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಹಿಂದೆ ನಿಂತವರ ಮುಖ ನೋಡಿದರು, ತಟ್ಟೆ ತೆಗೆದುಕೊಂಡರು. ನಾನು ಎಲ್ಲಿಂದಲೋ ಒಂದು ಸ್ಟೂಲು ತಂದು ಅವರನ್ನು ಕೂರಿಸಿದೆ. ಮೊದಲ ತುತ್ತು ಬಾಯಿಗಿಟ್ಟವರು ತಿನ್ನುವುದನ್ನು ನಿಲ್ಲಿಸಿಬಿಟ್ಟರು. ಬಂತು ಗ್ರಹಚಾರ, ಈಗ ತಟ್ಟೆಯನ್ನು ಯಾರಿಗೋ ದಾಟಿಸುತ್ತಾರೆ ಎಂದುಕೊಂಡೆ.

“ಏನಾಯ್ತು ಅತ್ತೆ?”

“ಸುಡ್ತದೆ ಕಣ್ಲಾ.”

“ಆರಿಸ್ಕೊಂಡು ತಿನ್ನು.”

“ಬ್ಯಾಡ, ಇಂಗೇ ಇರ್ಲಿ,” ಎಂದರು. ತಟ್ಟೆಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡರು. “ಮದ್ವೆ ಆಗಿ ಆ ಮನೆ ಸೇರಿದ್ಮ್ಯಾಲೆ ಬಿಸೀದು ಉಂಡಿದ್ದು ಗ್ಯಾಪ್ಕವೇ ಇಲ್ಲ ನಂಗೆ.”

ದುಃಖದಿಂದ ಹೇಳಿದ ಮಾತಲ್ಲ ಅದು. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೈಸ್ಕೂಲಿನ ಮೂರು ವರ್ಷ ಅವರ ಮನೆಯಲ್ಲೇ ಇದ್ದು ಓದಿದವನು ನಾನು. ಸಂಜೆ ಆಡಿ ಬಂದ ತಕ್ಷಣ ಬಿಸಿ ಮುದ್ದೆ, ಬಿಸಿ ಸಾರು. ಉಂಡು, ತಟ್ಟೆಯನ್ನು ಅಲ್ಲೇ ಬಿಟ್ಟು ಮಲಗುತ್ತಿದ್ದೆ. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಕೂಡ “ಅತ್ತೆ, ನೀನು ಉಂಡ್ಯಾ?” ಎಂದು ಕೇಳಲಿಲ್ಲವಲ್ಲ! ನೆನೆದು ನಾಚಿಕೆಯಾಯಿತು, ಕಣ್ಣು ತುಂಬಿತು. ಹಿಂದಿನವರಿಗೆ ಕಾಣದಿರಲೆಂದು ಬಳೆ ಅಂಗಡಿಯ ಕಡೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಗಾಡಿಯ ಮುಂದೆ ಏಳೆಂಟು ಜನ ಸೇರಿದ್ದರು. “ಬೇಗ ಕೊಡು ಮಂಜಣ್ಣ, ಎಷ್ಟೊತ್ತು?” ಎಂದು ಒಬ್ಬ ಗೊಣಗಿದ. ಅತ್ತೆಯ ತಟ್ಟೆ ಖಾಲಿಯಾಗಿತ್ತು. ಇನ್ನು ಎದ್ದು ಸೌಟು ಹಿಡಿಯುತ್ತಾರೆ ಎಂದು ನಾನು ಅವರ ತೋಳು ಹಿಡಿದುಕೊಳ್ಳಲು ಹೋದೆ.

ಅವರು ಏಳಲಿಲ್ಲ. ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

“ಅವ್ರು ಕಾಯ್ತಾರೆ ಬುಡು,” ಎಂದರು. “ನಂಗಿನ್ನೊಂದು ಆಕುಸ್ಕೊಂಡ್ ಬಾ.”