ಉಲ್ಟಾ ಹೊರಟ ಹಡಗು

ಗಜೇಂದ್ರಗಡದ ಇಲಿಯಾಸನ ಕಸುಬೇ ಸಮುದ್ರ. ಹಲಗೆಯಲ್ಲಿ ಹಡಗು, ತೆರೆ ಕೆತ್ತಿ, ಮಸಿ ಸವರಿ, ಹಾಳೆ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ ಚಿತ್ರ ಮುದ್ರಿಸುತ್ತಿದ್ದ. ಆದರೆ ಪುಣ್ಯಾತ್ಮ ಸಮುದ್ರವನ್ನೇ ನೋಡಿರಲಿಲ್ಲ! ಹೊಳೆಆಲೂರಿಗೆ ಮಹಾಪೂರ ಬಂದಾಗ ಕಂಡ ನೀರನ್ನೇ ಇಷ್ಟು ವರ್ಷ ಕೆತ್ತಿದ್ದ.

2004ರ ಆ ದಿನ ಮಾತ್ರ ಯೋಗ ಕೂಡಿಬಂದಿತ್ತು. ರೋಣದ ಸಿದ್ದಾರೂಢ ಸಾವುಕಾರರ ಹೊಸ ಅರಿವೆ ಅಂಗಡಿಯ ಉದ್ಘಾಟನೆ. ಗೋಡೆಗೊಂದು ಹಡಗಿನ ಚಿತ್ರ ಬೇಕು, ಹಡಗು ಗಲ್ಲಾಪೆಟ್ಟಿಗೆಯತ್ತ ಬರುತ್ತಿರಬೇಕು. ಲಕ್ಷ್ಮಿ ಒಳಗೆ ಬರಬೇಕಲ್ಲ! ಅದಕ್ಕೆ ಪ್ರತಿಯಾಗಿ, ಮೂರು ಗಂಟೆಗೆ ಕಾರವಾರಕ್ಕೆ ಮರಳುವ ಬೀಗರ ಜೀಪಿನಲ್ಲಿ ಇಲಿಯಾಸನಿಗೊಂದು ಸೀಟು, ಸಮುದ್ರ ನೋಡಲು.

ಮುಂಜಾನೆ ಹಾಳೆ ಎತ್ತಿದಾಗ ಹೆಂಡತಿ ನಾಹೀದ ಕೇಳಿದಳು, "ಗಲ್ಲಾ ಎಡಕ್ಕೈತಿ ಅಂದಿದ್ರಿ. ಇದು ಬಲಕ್ಕ ಹೊಂಟೈತಲ್ರಿ?"

ಇಲಿಯಾಸ ಹಲಗೆ, ಹಾಳೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಮುದ್ರಿಸಿದರೆ ಚಿತ್ರದ ಎಡಬಲ ಅದಲುಬದಲಾಗುತ್ತದೆ. ಈವರೆಗೆ ಅವನ ಹಡಗು ಎತ್ತ ಹೋದರೂ ಯಾರೂ ಕೇಳಿರಲಿಲ್ಲ, ಅವನೂ ತಲೆ ಕೆಡಿಸಿಕೊಂಡಿರಲಿಲ್ಲ.

ಪಕ್ಕದ ಮನೆಯ ಹೂವಪ್ಪ ಇಣುಕಿದ. "ಏನೋ ಇದು! ಲಕ್ಷ್ಮಿನ್ನ ಹೊರಗ ಕಳಿಸೇಬಿಟ್ಟಿ!"

"ಸುಮ್ನಿರೋ ಮಾರಾಯಾ, ಇನ್ನೊಂದು ಕೆತ್ತತೇನಿ."

"ಕೆತ್ತು. ನಾ ರೋಣಕ್ಕ ಹೊಂಟೇನಿ, ತಡಾ ಅಕ್ಕೈತಂತ ಸಾವುಕಾರ್ಗೆ ಹೇಳ್ತೇನಿ. ಈ ಕೆಟ್ಟ ಹಾಳಿ ನನಗ ಕೊಡು, ಎಮ್ಮಿ ಕಟ್ಟೋ ಗೋಡಿಗೆ ಹಚ್ಚತೇನಿ."

"ಒಯ್ಯಿ, ಒಯ್ಯಿ! ಕಣ್ಣಮುಂದ ಇರೂದು ಬ್ಯಾಡ!"

ಇಲಿಯಾಸ ಹೊಸ ಹಲಗೆ ಹಿಡಿದು ಕೂತ. ಎದುರುಮನೆಯ ಮುದುಕವ್ವ ಬಗ್ಗಿ ನೋಡಿ, "ತಮ್ಮಾ, ಇಷ್ಟ ನೀರಾಗ ಒಂದ ಮೀನಾ ಇಲ್ಲಲ್ಲೋ!" ಎಂದಳು. ಮೀನು ಕೆತ್ತಲು ಹೋಗಿ ಉಳಿ ಹೆಬ್ಬೆರಳಿಗೆ ಬಡಿಯಿತು. ನಾಹೀದ ಬಟ್ಟೆ ಸುತ್ತಿದಳು. ಹೊಸ ಹಡಗು ಮುದ್ರಿಸಿ, ಇಲಿಯಾಸ ಮಸಿ ಆರದ ಹಾಳೆಯನ್ನು ಎತ್ತಿ ಹಿಡಿದೇ ಬಸ್ಸಿನಲ್ಲಿ ನಿಂತ. ಕಂಡಕ್ಟರನ ಬೆನ್ನಿಗೆ ಒಂದು ತೆರೆ ಅಂಟಿತು. ಅವನ ಬೈಗುಳ ಕೇಳುತ್ತಲೇ ರೋಣ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು.

"ಬರ್ರಿ ಇಲಿಯಾಸ! ಹಡಗ ಭಾಳ ಚಲೋ ಆಗೈತಿ!" ಎಂದರು ಸಾವುಕಾರರು.

ಗೋಡೆಯ ಮೇಲೆ ಅದೇ ಕೆಟ್ಟ ಹಾಳೆ, ಮಾಲೆ ಹಾಕಿಸಿಕೊಂಡು ಕೂತಿತ್ತು.

"ಗಲ್ಲಾ ಎಡಕ್ಕಿತ್ತಲ್ರಿ?"

"ಹೂವಪ್ಪ ಭಾಳ ಶಾಣ್ಯಾ ನೋಡ್ರಿ. ಹಡಗ ತಿರುಗಸಾಕ ಆಗೂದಿಲ್ಲ, ಗಲ್ಲಾನ ಬಲಕ್ಕ ಸರಸ್ರಿ ಅಂದ. ಸರಿಸಿದ್ವಿ. ಅಂದಂಗ, ಕೈಯಾಗಿಂದೇನ್ರಿ? ಅಯ್ಯ, ಇದು ಉಲ್ಟಾ ಹೊಂಟೈತಿ! ಮೊದಲ ಮುಚ್ರಿ ಅದನ್ನ!"

ಇಲಿಯಾಸ ಹಾಳೆ ತಿರುಗಿಸಿ ಹಿಡಿದು ಬಾಗಿಲತ್ತ ನೋಡಿದ. "ಜೀಪು...?"

"ಈಗರ ಹೋತ್ರಿ, ಮೂರರ ತನಕ ನಿಲ್ಲಲಿಲ್ರಿ. ನೀವು ಕೆಲಸದಾಗದೀರಿ, ಬರೂದಾಗೂದಿಲ್ಲ ಅಂದ ಹೂವಪ್ಪ. ಸೀಟ ಸುಮ್ನ ಖಾಲಿ ಯಾಕಂತ ತಾನ ಹತ್ತಿದ. ತಾ ಬರೂತನಕ ಎಮ್ಮಿ ಹಿಂಡಾಕ ನಿಮಗ ಹೇಳಂದಾನ್ರಿ."