ಹನ್ನೊಂದನೆಯ ಕಾಲಂಗೊಂದು ಎತ್ತು

ಕಾರಿನ ವಿಮೆಯ ಅರ್ಜಿಯಲ್ಲಿ ಒಟ್ಟು ಇಪ್ಪತ್ತಾರು ಕಾಲಂಗಳಿದ್ದವು. ವೆಂಕೋಬರಾಯರು ಇಪ್ಪತ್ತೈದನ್ನು ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ತುಂಬಿದ್ದರು. ಹನ್ನೊಂದನೆಯದು ಮಾತ್ರ ಖಾಲಿ ಉಳಿದಿತ್ತು. ಆ ಗುರುವಾರ ಹೊಸಪೇಟೆಯಲ್ಲಿ ನಡೆದದ್ದಕ್ಕೆಲ್ಲ ಆ ಒಂದಂಗುಲದ ಖಾಲಿ ಜಾಗವೇ ಕಾರಣ.

‘ಅರ್ಜಿದಾರರ ಹೆಸರಿನಲ್ಲಿ ಈಗಾಗಲೇ ಚಾಲ್ತಿಯಲ್ಲಿರುವ ಪಾಲಿಸಿಯ ಸಂಖ್ಯೆ’ ಎಂದು ಅಲ್ಲಿ ಅಚ್ಚಾಗಿತ್ತು. ರಾಯರ ಹೆಸರಿನಲ್ಲಿ ಯಾವ ಪಾಲಿಸಿಯೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಜೀವಮಾನವಿಡೀ ಓಡಾಡಿದ್ದು ಸೈಕಲ್ಲಿನ ಮೇಲೆ. ಸೈಕಲ್ಲಿಗೆ ಯಾರೂ ವಿಮೆ ಕೇಳಿರಲಿಲ್ಲ.

ಸ್ಟೇಷನ್ ರಸ್ತೆಯ ಆ ವಿಮಾ ಕಚೇರಿಯ ಅಧಿಕಾರಿ ಬಸವಕುಮಾರ್ ಒಳ್ಳೆಯ ಹುಡುಗ. ಎದ್ದು ನಿಂತೇ ಮಾತಾಡಿದ.

“ಸಾರ್, ಐವತ್ತು ವರ್ಷದ ಕಾರಿಗೆ ಹಂಗ ಸುಮ್ನ ಪಾಲಿಸಿ ಕೊಡಾಕ ಬರಂಗಿಲ್ರಿ. ನಮ್ಮ ಕಡೆ ನಿಮ್ದು ಬ್ಯಾರೆ ಪಾಲಿಸಿ ಒಂದು ಇರಬೇಕು. ಈ ಕಾಲಂ ಖಾಲಿ ಬಿಟ್ರ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ಲ.”

ಕಂಪ್ಯೂಟರ್ ನಿಜಕ್ಕೂ ಮುಂದಕ್ಕೆ ಹೋಗಲಿಲ್ಲ. ಹಟ ಹಿಡಿದ ಮಗುವಿನಂತೆ ಅದೇ ಜಾಗದಲ್ಲಿ ಕಣ್ಣು ಮಿಟುಕಿಸುತ್ತ ನಿಂತಿತು.

ರಾಯರು ಗೋಡೆಯ ಕಡೆ ನೋಡಿದರು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಅವರಿಗೆ ಉಳಿದದ್ದು ಏಳೂವರೆ ಗಂಟೆ.

ಕಾರು ರಾಯರ ತಂದೆಯದು. ತಂದೆ ಡಾಕ್ಟರಾಗಿದ್ದರು. ಆ ಹಾಲುಬಿಳಿಯ ಲ್ಯಾಂಡ್‌ಮಾಸ್ಟರಿನಲ್ಲಿ ಸಂಡೂರು, ಕಂಪ್ಲಿಗಳ ಎಷ್ಟೋ ಬಸುರಿಯರು ಆಸ್ಪತ್ರೆ ಸೇರಿದ್ದರು. ರಾಯರ ಮಡದಿ ವಿಜಯಲಕ್ಷ್ಮೀಬಾಯಿ ಮದುಮಗಳಾಗಿ ಮನೆಗೆ ಬಂದದ್ದು ಅದರಲ್ಲೇ. ರಾಯರ ತಾಯಿ ಕೊನೆಯ ಸಲ ಹಂಪಿಯ ಪ್ರಾಣದೇವರ ದರ್ಶನಕ್ಕೆ ಹೋಗಿಬಂದದ್ದೂ ಅದರಲ್ಲೇ. ಆಮೇಲೆ ಕಾರು ಅನಂತಶಯನಗುಡಿಯ ಅವರ ಮನೆಯ ಪಕ್ಕದ ತಗಡಿನ ಶೆಡ್ಡು ಸೇರಿ ಹನ್ನೆರಡು ವರ್ಷ ಅಲ್ಲಾಡಲಿಲ್ಲ.

ಆ ಹನ್ನೆರಡು ವರ್ಷವೂ ವಿಜಯಲಕ್ಷ್ಮೀಬಾಯಿ ಕೇಳುತ್ತಿದ್ದದ್ದು ಒಂದೇ: ಆ ಶೆಡ್ಡಿನಲ್ಲಿ ಒಂದು ಆಕಳು ಕಟ್ಟಬೇಕು, ದೇವರಿಗೆ ಮನೆಯ ಹಾಲಿನ ಅಭಿಷೇಕವಾಗಬೇಕು. ರಾಯರ ಉತ್ತರವೂ ಒಂದೇ. ದನ ಕಟ್ಟಿದರೆ ಸಗಣಿ ಬಳಿಯಬೇಕು, ಮೈ ತೊಳೆಯಬೇಕು, ಒಂದು ದಿನ ಊರು ಬಿಟ್ಟು ಹೋಗುವ ಹಾಗಿಲ್ಲ. ತಮ್ಮ ಉಸಿರಿರುವ ತನಕ ಆ ಶೆಡ್ಡಿನೊಳಗೆ ನಾಲ್ಕು ಕಾಲಿನ ಪ್ರಾಣಿ ಬರಕೂಡದು.

ಅದು ಚೀನಾದವರು ಕೇಳಿದಷ್ಟು ಅದಿರನ್ನು ಹೊಸಪೇಟೆ ತುಂಬಿ ಕಳಿಸುತ್ತಿದ್ದ ಕಾಲ. ಕಬ್ಬಿಣವೆಂದರೆ ಬಂಗಾರ. ಗುಜರಿಯ ಹೊನ್ನೂರಸ್ವಾಮಿ ದಿನವೂ ಬಂದು ಶೆಡ್ಡಿನೊಳಗೆ ಇಣುಕಿ, ಕಾಯಿಲೆಯವರನ್ನು ನೋಡಲು ಬಂದ ಬಂಧುವಿನಂತೆ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ರಾಯರು ಹಟದಿಂದ ಎಂಜಿನ್ ರಿಪೇರಿ ಮಾಡಿಸಿದರು. ಎಂಜಿನ್ ಗುಡುಗಿತು. ವಿಮೆಯಿಲ್ಲದೆ ಮಾತ್ರ ರಸ್ತೆಗೆ ಇಳಿಸಲು ಅವರ ಮನಸ್ಸು ಒಪ್ಪಲಿಲ್ಲ. ತಿಂಗಳಾಯಿತು, ಎರಡಾಯಿತು. ಆ ಗುರುವಾರ ಬೆಳಿಗ್ಗೆ ನೈವೇದ್ಯವಾದ ಕೂಡಲೇ ವಿಜಯಲಕ್ಷ್ಮೀಬಾಯಿ ತೀರ್ಪು ಕೊಟ್ಟರು.

“ನೋಡ್ರಿ, ಕಾಗದಪತ್ರ ಸರಿಯಾಗಿ, ಇವತ್ತು ಆರು ಗಂಟೆ ಒಳಗ ಈ ಕಾರು ರಸ್ತೆಗಿಳಿದು ತಾನ ಓಡ್ಕೋತ ಮನಿಗೆ ಬರಬೇಕು. ಬಂದ್ರ ನಾ ಇನ್ನೆಂದೂ ಆಕಳದ ಮಾತು ಎತ್ತಂಗಿಲ್ಲ. ಬರಲಿಲ್ಲಂದ್ರ ಹೊನ್ನೂರಸ್ವಾಮಿ ತಗೊಂಡು ಹೋಗ್ಲಿ.”

ಈಗ ಹನ್ನೊಂದನೆಯ ಕಾಲಂ ಬಾಯಿ ತೆರೆದು ಕೂತಿತ್ತು.

ರಾಯರ ಜೊತೆಗೆ ಪಕ್ಕದ ಕಿರಾಣಿ ಅಂಗಡಿಯ ಕೊಟ್ರಯ್ಯ ಬಂದಿದ್ದ. ಯಾರೂ ಕರೆದಿರಲಿಲ್ಲ, ಊರಿನ ಯಾವ ಕೆಲಸಕ್ಕೂ ಅವನನ್ನು ಯಾರೂ ಕರೆದದ್ದಿಲ್ಲ. ಅವನು ಮುಂದೆ ಬಾಗಿ, ಇಲ್ಲಿ ಇನ್ನು ಯಾವ ಯಾವ ಪಾಲಿಸಿ ಸಿಗುತ್ತವೆ ಎಂದು ವಿಚಾರಿಸಿದ. ಮನೆಯ ಪಾಲಿಸಿಗೆ ಎಂಟು ದಿನ ಬೇಕು, ಅಂಗಡಿಯದಕ್ಕೆ ಅಂಗಡಿ ಬೇಕು ಎಂದ ಬಸವಕುಮಾರ್, ಸ್ವಲ್ಪ ತಡೆದು, ದನದ ಪಾಲಿಸಿಯಾದರೆ ಇವತ್ತೇ ಆಗುತ್ತದೆ, ದನದ ಡಾಕ್ಟರು ಕಿವಿಗೆ ಓಲೆ ಹೊಡೆದು ನಂಬರು ಕೊಟ್ಟರೆ ಸಾಕು ಎಂದ.

“ಮುಗೀತಲ್ರಿ ಮೇಷ್ಟ್ರೇ,” ಎಂದ ಕೊಟ್ರಯ್ಯ. “ನಮ್ಮ ಅಂದಾನಪ್ಪನ ಎತ್ತು ಐತಿ. ನಿಮ್ದು ಅಂತ ಹೇಳಿದ್ರಾತು.”

ರಾಯರು ಕಿವಿ ಮುಚ್ಚಿಕೊಂಡರು. ತಮ್ಮದಲ್ಲದ ಎತ್ತನ್ನು ತಮ್ಮದೆಂದು ಬರೆದು ಸಹಿ ಹಾಕುವುದುಂಟೇ? ಕೊಟ್ರಯ್ಯ ಹಣೆ ಚಚ್ಚಿಕೊಂಡು, ಹಾಗಾದರೆ ಶಾಸ್ತ್ರಕ್ಕಾದರೂ ಕೊಂಡುಬಿಡಿ, ನಾಳೆ ಅವನಿಗೇ ವಾಪಸು ಕೊಟ್ಟರಾಯಿತು ಎಂದ. ರಾಯರಿಗೆ ಅದರಲ್ಲಿ ಸುಳ್ಳು ಕಾಣಿಸಲಿಲ್ಲ.

ಅಂದಾನಪ್ಪ ಕಬ್ಬು ಬೆಳೆಯುವವನು. ಅವನ ಜೋಡಿಯಲ್ಲಿ ಒಂದು ಎತ್ತು ಕರಿಯ. ಮೈಕಟ್ಟು ಗುಡಿಯ ನಂದಿಯಂತೆ, ಗುಣವೂ ನಂದಿಯಂತೆಯೇ. ಕೂತರೆ ಏಳುತ್ತಿರಲಿಲ್ಲ. ಕೊಳ್ಳಲು ಬಂದವರೆಲ್ಲ ಅದು ಕೂರುವವರೆಗೆ ಹೊಗಳಿ, ಕೂತ ಮೇಲೆ ಊರ ದಾರಿ ಹಿಡಿಯುತ್ತಿದ್ದರು. ಮೇಷ್ಟ್ರು ಕೊಳ್ಳಲು ಬಂದಿದ್ದಾರೆಂದು ಕೇಳಿ ಅಂದಾನಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಮೇಲೆ ಹೊದಿಸಿದ.

“ಬಾಯಾಗಿನ ಮಾತು ಗಾಳಿಗೆ ಹೋಗತೈತ್ರಿ. ಟವೆಲ್ಲಿನ ಕೆಳಗ ಕೈ ಕೊಡ್ರಿ.”

ದನದ ಸಂತೆಯಲ್ಲಿ ವ್ಯಾಪಾರ ಟವೆಲ್ಲಿನ ಕೆಳಗೆ ನಡೆಯುತ್ತದೆ. ಮಾರುವವನು ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಕೊಳ್ಳುವವನು ಬೆರಳು ಬಿಡಿಸಿ ಇಳಿಸುತ್ತಾನೆ, ಒಪ್ಪಿದರೆ ಒತ್ತುತ್ತಾನೆ. ಒತ್ತಿದ ಮೇಲೆ ಸೂರ್ಯ ಪಡುವಣದಲ್ಲಿ ಹುಟ್ಟಿದರೂ ಮಾತು ತಿರುಗುವುದಿಲ್ಲ. ಇದು ರಾಯರಿಗೆ ಗೊತ್ತಿರಲಿಲ್ಲ. ಇದೊಂದು ಪದ್ಧತಿಯಿರಬೇಕೆಂದು ಕೈ ಕೊಟ್ಟರು. ಅಂದಾನಪ್ಪ ಅವರ ಮೂರು ಬೆರಳು ಹಿಡಿದ. ರಾಯರಿಗೆ ಕಚಗುಳಿ ಬಹಳ. ತಡೆಯಲಾರದೆ ಅವನ ಕೈಯನ್ನು ಬಲವಾಗಿ ಒತ್ತಿ ಹಿಡಿದರು. ಅಂದಾನಪ್ಪ ಕಣ್ಣಲ್ಲಿ ನೀರು ತಂದುಕೊಂಡು ಟವೆಲ್ ಕೊಡವಿ, ರೊಕ್ಕ ನಿಧಾನಕ್ಕೆ ಕೊಡಿ, ಅವಸರವಿಲ್ಲ ಎಂದ. ರಾಯರು ಅದನ್ನೂ ಪದ್ಧತಿಯ ಮಾತೆಂದೇ ತಿಳಿದು ನಕ್ಕರು.

ಒಂದು ಗಂಟೆಗೆ ಪಶು ಆಸ್ಪತ್ರೆಯಲ್ಲಿ ಕರಿಯನ ಕಿವಿಗೆ ಹಳದಿ ಓಲೆ ಬಿತ್ತು. ಎರಡಕ್ಕೆ ಓಲೆಯ ನಂಬರಿನ ಮೇಲೆ ರಾಯರ ಹೆಸರಿಗೆ ಎತ್ತಿನ ಪಾಲಿಸಿ ಬಂತು. ಅದರ ಸಂಖ್ಯೆ ಹನ್ನೊಂದನೆಯ ಕಾಲಂಗೆ ಬಿದ್ದದ್ದೇ ತಡ, ಕಂಪ್ಯೂಟರ್ ನೆಗೆದು ಮುಂದಕ್ಕೆ ಹೋಯಿತು. ಕೊಟ್ರಯ್ಯ ಕಚೇರಿಯವರಿಗೆಲ್ಲ ಚಹ ತರಿಸಿದ.

ಚಹ ಕುಡಿಯುತ್ತ ಬಸವಕುಮಾರ್, ಇನ್ನು ಕಾರು ನೋಡಬೇಕು ಎಂದ. ನೋಡುವ ಸರ್ವೇಯರು ಸಂಡೂರು ಘಾಟಿನಲ್ಲಿ ಉರುಳಿದ ಲಾರಿಗಳ ಲೆಕ್ಕದಲ್ಲಿದ್ದಾನೆ. ಐದರೊಳಗೆ ಕಾರನ್ನೇ ಇಲ್ಲಿಗೆ ತಂದರೆ ತಾನೇ ಫೋಟೋ ತೆಗೆಯುತ್ತೇನೆ ಎಂದ.

“ವಿಮೆ ಇಲ್ಲದ ಕಾರು ರಸ್ತೆಗೆ ಹ್ಯಾಂಗ ಓಡಸ್ಲಿ?” ಎಂದರು ರಾಯರು.

“ಎಂಜಿನ್ ಚಾಲೂ ಮಾಡಬ್ಯಾಡ್ರಿ ಸಾರ್. ಹ್ಯಾಂಗರ ತರ್ರಿ.”

ಹೇಗಾದರೂ ತರಲು ಈಗ ರಾಯರ ಹತ್ತಿರ ಸ್ವಂತ ಎತ್ತೇ ಇತ್ತು. ಮೂರೂಕಾಲಿಗೆ ಅನಂತಶಯನಗುಡಿಯಿಂದ ಮೆರವಣಿಗೆ ಹೊರಟಿತು. ಮುಂದೆ ಕರಿಯ ಮತ್ತು ಅವನ ಜೋಡಿ, ಪಕ್ಕದಲ್ಲಿ ಬಾರುಕೋಲು ಹಿಡಿದ ಅಂದಾನಪ್ಪ, ಹಿಂದೆ ಹಗ್ಗ ಕಟ್ಟಿದ ಲ್ಯಾಂಡ್‌ಮಾಸ್ಟರು, ಸ್ಟೇರಿಂಗಿನ ಹಿಂದೆ ಹಣೆಗೆ ಅಂಗಾರ ಅಕ್ಷತೆ ಇಟ್ಟ ವೆಂಕೋಬರಾಯರು. ಕೊಟ್ರಯ್ಯ ಎಲ್ಲರಿಗಿಂತ ಮುಂದೆ ನಡೆಯುತ್ತ ಎದುರಿಗೆ ಬಂದವರಿಗೆಲ್ಲ ವಿಷಯ ತಿಳಿಸುತ್ತಿದ್ದ.

ರೈಲ್ವೆ ಗೇಟಿನ ತನಕ ಎಲ್ಲ ಸರಿಯಿತ್ತು. ಗೇಟು ಹಾಕಿತ್ತು. ಅದಿರು ತುಂಬಿದ ಗೂಡ್ಸು ರೈಲು ಮುಗಿಯದ ಪುರಾಣದಂತೆ ಸಾಗುತ್ತಿತ್ತು. ನಿಂತು ಬೇಸರವಾದ ಕರಿಯ ಕೂತುಬಿಟ್ಟ.

ಗೇಟು ತೆರೆಯಿತು. ಕರಿಯ ಏಳಲಿಲ್ಲ. ಹಿಂದೆ ಲಾರಿಗಳು ಸಾಲುಗಟ್ಟಿದವು. ಅಂದಾನಪ್ಪ ಬಾಲ ತಿರುಚಿದ, ಕೊಟ್ರಯ್ಯ ಬೆಲ್ಲ ತೋರಿಸಿದ, ಲಾರಿಯವರು ಮೂರು ಭಾಷೆಗಳಲ್ಲಿ ಬೈದರು. ಕರಿಯ ಕಣ್ಣು ಮುಚ್ಚಿ ಮೆಲುಕು ಹಾಕಿದ. ನಾಲ್ಕು ದಾಟಿತು. ರಾಯರಿಗೆ ಶೆಡ್ಡಿನ ಮುಂದೆ ತಳ್ಳುಗಾಡಿ ನಿಲ್ಲಿಸಿಕೊಂಡ ಹೊನ್ನೂರಸ್ವಾಮಿ ಕಣ್ಮುಂದೆ ಬಂದ. ಕೈಸೋತು, ತಂದೆಯ ಕಾಲದ ರಬ್ಬರು ಹಾರನ್ನನ್ನು ಒಮ್ಮೆ ಹಿಸುಕಿದರು.

ಪೋಂ ಎಂದಿತು. ಅಂಥ ದನಿಯನ್ನು ಕರಿಯ ಹುಟ್ಟಿದಂದಿನಿಂದ ಕೇಳಿರಲಿಲ್ಲ. ತನಗಿಂತ ದೊಡ್ಡ ಎತ್ತೊಂದು ಬೆನ್ನ ಹಿಂದೆಯೇ ನಿಂತಿದೆಯೆಂದುಕೊಂಡನೋ ಏನೋ, ನೆಗೆದೆದ್ದು ಓಡಿದ. ಜೋಡಿ ಓಡಿತು, ಕಾರು ಓಡಿತು, ಅಂದಾನಪ್ಪ ಓಡಿದ. ರಾಯರು ಪ್ರಾಣದೇವರ ಸ್ತೋತ್ರ ಹೇಳುತ್ತ ಬ್ರೇಕಿನ ಮೇಲೆ ನಿಂತೇಬಿಟ್ಟರು. ನಾಲ್ಕೂವರೆಗೆ ಕಾರು ವಿಮಾ ಕಚೇರಿಯ ಮೆಟ್ಟಿಲಿಗೆ ಮೂಗು ತಾಗಿಸಿ ನಿಂತಿತು.

ಬಸವಕುಮಾರ್ ಹೊರಗೆ ಬಂದು ಆರ್‌ಸಿ ಪುಸ್ತಕವನ್ನೂ ಕಾರನ್ನೂ ನೋಡಿದ. “ಸಾರ್, ಇದರಾಗ ಹಾಲುಬಿಳಿ ಅಂತ ಐತಿ. ಇದು ಕೆಂಪೈತಲ್ರಿ.”

ಗೇಟಿನಲ್ಲಿ ನಿಂತ ಅರ್ಧ ಗಂಟೆಯಲ್ಲಿ ಅದಿರಿನ ಧೂಳು ಕಾರನ್ನು ಕುಂಕುಮದ ಭರಣಿಯಂತೆ ಮಾಡಿತ್ತು. ರಾಯರೂ ಕೆಂಪಾಗಿದ್ದರು. ಕೊಟ್ರಯ್ಯ ಆಗಲೇ ರಸ್ತೆಯ ಆಚೆಗೆ ಓಡಿದ್ದ. ಅಲ್ಲಿ ಧೂಳಡಗಿಸಲು ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ನಿಂತಿತ್ತು. ಅದರ ಡ್ರೈವರು ಇಡೀ ಕತೆ ಕೇಳಿ ಪೈಪು ಎಳೆದು ತಂದ. ಬೀದಿಯವರು ಸೇರಿದರು. ರಾಯರು ಹೆಗಲ ಮೇಲಿನ ಶಲ್ಯದಿಂದಲೇ ಒರೆಸಿದರು. ಕೆಂಪು ಹರಿದುಹೋಗಿ ಒಳಗಿನ ಹಾಲುಬಣ್ಣ ಎದ್ದು ಬಂದಾಗ ಯಾರೋ ಚಪ್ಪಾಳೆ ತಟ್ಟಿದರು. ಐದಕ್ಕೆ ಎಂಟು ನಿಮಿಷವಿತ್ತು. ಫೋಟೋ ಆಯಿತು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ್ದಾಯಿತು. ಯಾವ ಕಾಗದಕ್ಕೂ ಹಿಂದೆ ಮುಂದೆ ಓದದೆ ಸಹಿ ಹಾಕದ ವೆಂಕೋಬರಾಯರು ಅಂದು ಮುಂದೆ ಮಾತ್ರ ಓದಿ ಸಹಿ ಹಾಕಿದರು.

ಹೋಗುವಾಗ ಎಳೆಸಿಕೊಂಡು ಹೋದ ಕಾರು ಬರುವಾಗ ಗುಡುಗುತ್ತ ಬಂತು. ಗೇಟು ತೆರೆದೇ ಇತ್ತು. ಗೇಟಿನವನು ಹಸಿರು ಬಾವುಟವನ್ನೇ ಬೀಸಿದ. ಆರಕ್ಕೆ ಐದು ನಿಮಿಷವಿದ್ದಾಗ ರಾಯರು ಮನೆಯ ಮುಂದೆ ಪೋಂ ಎನಿಸಿದರು. ತಳ್ಳುಗಾಡಿಯ ಮೇಲೆ ಕೂತಿದ್ದ ಹೊನ್ನೂರಸ್ವಾಮಿ ಎದ್ದು ಕೈಮುಗಿದ. ವಿಜಯಲಕ್ಷ್ಮೀಬಾಯಿ ಹೊಸಿಲಿಗೆ ಬಂದು ಕಾರನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಆರತಿ ತಂದರು.

“ನಾ ಸೋತೆ,” ಎಂದರು. “ನಾಳೆ ಹಂಪಿಗೆ ಹೋಗೂಣು. ಆಕಳದ ಮಾತು ಇಲ್ಲಿಗೆ ಮುಗೀತು.”

ರಾಯರು ಇನ್ನೂ ಮೀಸೆ ಸವರಿಕೊಳ್ಳುತ್ತಿದ್ದಾಗ ಅಂದಾನಪ್ಪ ಕರಿಯನನ್ನು ಹಿಡಿದುಕೊಂಡು ಬಂದ. ಎಲ್ಲಿ ಕಟ್ಟಲಿ ಎಂದು ಕೇಳಿದ. ನಿನ್ನ ಮನೆಯಲ್ಲಿ ಎಂದರು ರಾಯರು.

“ಟವೆಲ್ಲಿನ ಕೆಳಗ ಒತ್ತೀರಿ ಮೇಷ್ಟ್ರೇ. ಕೊಟ್ರಯ್ಯ ಸಾಕ್ಷಿ ಅದಾನ. ಇನ್ನ ನಾ ಇವನ್ನ ಮುಟ್ಟಿದ್ರ ಕಳ್ಳ ಆಗ್ತೀನಿ.”

ಕೊಟ್ರಯ್ಯ ಸಾಕ್ಷಿ ಹೇಳಿದ. ಅಷ್ಟೇ ಅಲ್ಲ, ಪಾಲಿಸಿಗಳ ಹಿಂಬದಿಯನ್ನೂ ಕೇಳಿದವರಿಗೆ, ಕೇಳದವರಿಗೆ ಓದಿ ಹೇಳಿದ. ಎತ್ತನ್ನು ಮಾರಿದರೆ ಅಥವಾ ಕೊಟ್ಟುಬಿಟ್ಟರೆ ಎತ್ತಿನ ಪಾಲಿಸಿ ರದ್ದು. ಎತ್ತಿನ ಪಾಲಿಸಿ ರದ್ದಾದರೆ ಅದನ್ನೇ ನಂಬಿ ಕೊಟ್ಟ ಕಾರಿನ ಪಾಲಿಸಿಯೂ ರದ್ದು. ಎತ್ತನ್ನು ಮಾಲೀಕರ ಮನೆಯಲ್ಲಿಯೇ ಚಾವಣಿಯ ಕೆಳಗೆ ಕಟ್ಟತಕ್ಕದ್ದು.

ಆ ಮನೆಯಲ್ಲಿ ಎತ್ತು ಹಿಡಿಸುವ ಚಾವಣಿ ಒಂದೇ ಇತ್ತು.

ವಿಜಯಲಕ್ಷ್ಮೀಬಾಯಿ ಆರತಿಯ ತಟ್ಟೆಯನ್ನು ಮೆಲ್ಲಗೆ ಕಾರಿನ ಕಡೆಯಿಂದ ಕರಿಯನ ಕಡೆಗೆ ತಿರುಗಿಸಿದರು. ಹಣೆಗೆ ಕುಂಕುಮ ಹಚ್ಚಿದರು. “ನಾ ಹಾಲು ಕೊಡೋದು ಕೇಳಿದ್ದೆ. ನೀವು ಬರೇ ಸಗಣಿ ಹಾಕೋದು ತಂದ್ರಿ. ಇರ್ಲಿ, ಒಳಗ ಕಟ್ರಿ.”

ಮರುದಿನ ಅವರು ಹಂಪಿಗೆ ಹೋಗಿಬಂದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ರಾಯರು ಅರಸರಂತೆ ಕೂತಿದ್ದರು. ಮಧ್ಯಾಹ್ನದೊಳಗೆ ಮಾತ್ರ ತಿರುಗಿ ಬರಬೇಕಾಯಿತು. ಕರಿಯನಿಗೆ ನೀರು ಕುಡಿಸುವವರಿರಲಿಲ್ಲ.

ಈಗ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ಪಾಲಿಸಿಯಲ್ಲಿ ಹಾಲುಬಿಳಿಯೆಂದು ಬರೆದಿರುವುದರಿಂದ ರಾಯರು ದಿನವೂ ಅದನ್ನು ತೊಳೆಯುತ್ತಾರೆ. ಅದಕ್ಕೂ ಮೊದಲು ಕರಿಯನ ಮೈ ತೊಳೆಯುತ್ತಾರೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಅನಂತಶಯನಗುಡಿಯಲ್ಲಿ ಪೋಂ ಎಂದು ಹಾರನ್ ಕೇಳುತ್ತದೆ. ರಾಯರು ಕಾರು ತೆಗೆದುಕೊಂಡು ಎಲ್ಲಿಗೋ ಹೊರಟರೆಂದು ಹೊಸಬರು ತಿಳಿಯುತ್ತಾರೆ. ಊರವರಿಗೆ ಗೊತ್ತು: ಕರಿಯ ಕೂತಿದ್ದಾನೆ, ಅವನನ್ನು ಎಬ್ಬಿಸಬೇಕಾಗಿದೆ.