ಹೆಸರಿಲ್ಲದ ಬಾಟಲಿಯ ಪರವಾಗಿ ಒಂದು ದೂರು

ಮನೆಬಳಕೆಯ ಅಪಾಯಕಾರಿ ತ್ಯಾಜ್ಯ ಸ್ವೀಕಾರ ಕೇಂದ್ರದ ಮೇಲ್ವಿಚಾರಕಿಯವರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ತೆರೆಯುವ ತಮ್ಮ ಕಿಟಕಿಗೂ, ಅದರ ಹಿಂದೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂರುವ ತಮಗೂ, ಮೊಣಕೈವರೆಗೆ ಕೈಗವಸು ಹಾಕಿಕೊಂಡು ಪೀಪಾಯಿಗಳ ನಡುವೆ ಓಡಾಡುವ ತಮ್ಮ ಹಿರಿಯ ಸಹಾಯಕರಿಗೂ ಅನಂತ ನಮಸ್ಕಾರಗಳು. ಸತತ ಮೂರು ತಿಂಗಳು ಒಂದೇ ಬಾಟಲಿ ಹಿಡಿದು ಬಂದು, ಮೂರು ಬಾರಿಯೂ ಅದೇ ಬಾಟಲಿ ಹಿಡಿದು ವಾಪಸ್ ಹೋದ ಮನುಷ್ಯ ನಾನೇ. ಸಹಾಯಕರು ನನಗೆ ‘ಬಾಟಲಿ ಯಜಮಾನ್ರು’ ಎಂದು ಹೆಸರಿಟ್ಟಿರುವುದು ನನ್ನ ಕಿವಿಗೂ ಬಿದ್ದಿದೆ. ಹೆಸರಿಡುವುದು ನನ್ನ ಕಸುಬಾಗಿದ್ದರೂ ಅದರ ಬಗ್ಗೆ ಪ್ರತ್ಯೇಕ ದೂರು ಸಲ್ಲಿಸುತ್ತಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ನಾನು ಮೂವತ್ತೊಂದು ವರ್ಷಗಳಿಂದ ಲೇಬಲ್ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸಿ ಕರಡು ತಿದ್ದುವವನು. ‘ವಿಷ’, ‘ಬೆಂಕಿಯಿಂದ ದೂರವಿಡಿ’, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಲಕ್ಷಾಂತರ ಡಬ್ಬಿಗಳ ಮೈಮೇಲೆ ಬುದ್ಧಿ ಹೇಳಿದವನು. ಇಂಥ ಮಹಾನುಭಾವನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಎಂಟು ವರ್ಷಗಳಿಂದ ಹಣ್ಣಿನ ರಸದ ಬಾಟಲಿಯೊಂದು ಕೂತಿದೆ. ಅದರೊಳಗಿರುವುದು ಹಣ್ಣಿನ ರಸವಲ್ಲ ಎಂಬುದೊಂದೇ ಖಾತ್ರಿ. ಮನೆಗೆ ಬಣ್ಣ ಹೊಡೆಸಿದ ವರ್ಷ ತುಕ್ಕು ಹಿಡಿದು ಸೋರುತ್ತಿದ್ದ ಯಾವುದೋ ಡಬ್ಬಿಯಿಂದ ನಾನೇ ಅದಕ್ಕೆ ಸುರಿದದ್ದು. ಏನೆಂದು ಬರೆದಿಡಿ ಎಂದು ನನ್ನ ಹೆಂಡತಿ ಆಗಲೇ ಪೆನ್ನು ತಂದುಕೊಟ್ಟಿದ್ದಳು. ಕೈಬರಹದ ಲೇಬಲ್ಲೇ? ಅದೂ ನನ್ನ ಮನೆಯಲ್ಲೇ? ನಾಳೆ ಪ್ರೆಸ್ಸಿನಲ್ಲಿ ಅಚ್ಚುಕಟ್ಟಾಗಿ ಒಂದನ್ನು ಮುದ್ರಿಸಿ ತರುತ್ತೇನೆಂದು ಗತ್ತಿನಿಂದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ. ಆ ನಾಳೆ ಇನ್ನೂ ಬಂದಿಲ್ಲ, ಪೆನ್ನು ಎಲ್ಲೋ ಕಳೆದುಹೋಯಿತು.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಎರಡು ಬೀದಿ ಆಚೆ ವಾಸಿಸುವ ನನ್ನ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಪುಟ್ಟಿಗೆ ಇನ್ನೂ ಎರಡು ತುಂಬಿಲ್ಲ; ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ನಾನು ದಿನಪತ್ರಿಕೆಯ ಮುದ್ರಣ ದೋಷಗಳನ್ನು ಎಣಿಸುತ್ತ ಕೂತಿದ್ದಾಗ, ಅವಳು ಕಪಾಟಿನ ಬಾಗಿಲು ಎಳೆದು, ಆ ಬಾಟಲಿಯನ್ನು ತಬ್ಬಿಕೊಂಡು, ಮುಚ್ಚಳವನ್ನು ಬಾಯಲ್ಲಿಟ್ಟು ಕಚ್ಚುತ್ತಿದ್ದಳು. ತುಕ್ಕು ಹಿಡಿದ ಮುಚ್ಚಳ ಬಿಗಿಯಾಗಿತ್ತು, ಅಷ್ಟೇ ನಮ್ಮ ಪುಣ್ಯ. ಬಾಟಲಿ ಕಿತ್ತುಕೊಂಡದ್ದು ಮಗಳೇ. ಇದರೊಳಗೇನಿದೆ ಎಂದು ಕೇಳಿದಳು. ಮೂವತ್ತೊಂದು ವರ್ಷದ ಅನುಭವಸ್ಥನಾದ ನಾನು ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಹಣ್ಣಿನ ಚಿತ್ರವನ್ನು ನೋಡಿದೆ. “ಅಪ್ಪಾ, ಇದು ಹೊರಗೆ ಹೋಗೋವರೆಗೂ ಮಗು ಈ ಮನೆ ಒಳಗೆ ಬರಲ್ಲ” ಎಂದಳು. ಅಂದಿನಿಂದ ಪುಟ್ಟಿ ಗೇಟಿನ ಆಚೆಯಿಂದಲೇ ನನಗೆ ಕೈಬೀಸಿ ಹೋಗುತ್ತಾಳೆ. ನನ್ನ ಹೆಂಡತಿಯಂತೂ, “ಊರಿನ ಬಾಟಲಿಗೆಲ್ಲ ಹೆಸರು ಅಂಟಿಸ್ತೀರಿ, ಮನೇದಕ್ಕೆ ಮಾತ್ರ ಪುರುಸೊತ್ತಿಲ್ಲ” ಎಂಬ ಒಂದೇ ಮಾತನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತು ಔಷಧಿಯಂತೆ ಕುಡಿಸುತ್ತಿದ್ದಾಳೆ.

ಚರಂಡಿಗೆ ಸುರಿದು ಕೈತೊಳೆದುಕೊಳ್ಳಬಹುದಿತ್ತು. ಒಂದು ಬೆಳಿಗ್ಗೆ ಚರಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತದ್ದೂ ಉಂಟು. ಆದರೆ ‘ಚರಂಡಿಗೆ ಸುರಿಯಬೇಡಿ’ ಎಂಬ ಕರಪತ್ರವನ್ನು ಹೋದ ವರ್ಷ ತಿದ್ದಿದವನೂ ನಾನೇ ಆಗಿದ್ದು, ಎದುರುಮನೆಯ ದರ್ಜಿ ಅದನ್ನು ತನ್ನ ಅಂಗಡಿಯ ಬಾಗಿಲಿಗೇ ಅಂಟಿಸಿಕೊಂಡಿದ್ದರಿಂದ, ಚಪ್ಪಲಿ ತೊಳೆಯುವವನಂತೆ ನಟಿಸಿ ಎದ್ದುಬಂದೆ.

ಹೀಗಾಗಿ ತಮ್ಮ ಬಾಗಿಲಿಗೆ ಬಂದೆ. ಮೊದಲ ಬಾರಿ ತಮ್ಮ ನಮೂನೆಯ ‘ವಸ್ತುವಿನ ಹೆಸರು’ ಎಂಬಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಎಂದು ಬರೆದೆ. ತಾವು ಬಾಟಲಿಯನ್ನು ಬೆಳಕಿಗೆ ಹಿಡಿದು, ಥಿನ್ನರ್ ತಳದಲ್ಲಿ ಹೀಗೆ ಕೆಸರು ಕಟ್ಟುವುದಿಲ್ಲವೆಂದು ವಾಪಸ್ ಕಳಿಸಿದಿರಿ. ಎರಡನೇ ಬಾರಿ ಗೆದ್ದಲಿನ ಔಷಧಿ ಎಂದು ಬರೆದೆ. ತಾವು ರಿಜಿಸ್ಟರ್ ತಿರುವಿ, “ಹೋದ ತಿಂಗಳು ಥಿನ್ನರ್ ಆಗಿತ್ತಲ್ಲ, ಸರ್?” ಎಂದಿರಿ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮೂರನೇ ಬಾರಿ ನಾನು ಸುಮ್ಮನೆ ಬರಲಿಲ್ಲ. ಎರಡು ಬಣ್ಣದಲ್ಲಿ, ತಲೆಬುರುಡೆಯ ಚಿತ್ರ ಸಮೇತ, ‘ಗೆದ್ದಲು ನಾಶಕ’ ಎಂದು ಸೊಗಸಾದ ಲೇಬಲ್ ಮುದ್ರಿಸಿ ಅಂಟಿಸಿಕೊಂಡೇ ಬಂದೆ. ತಾವು ಅದರ ಮೇಲೆ ಬೆರಳಾಡಿಸಿದಿರಿ. ಬೆರಳಿಗೆ ಹಸಿ ಶಾಯಿ ಹತ್ತಿತು. “ಲೇಬಲ್ ತುಂಬಾ ಚೆನ್ನಾಗಿದೆ, ಸರ್. ಒಳಗಿರೋದು ಏನು?” ಎಂದು ಕೇಳಿದಿರಿ.

ಅದಕ್ಕೆ ನಾನು ಕೂಗಾಡಿದ್ದು ತಮಗೆ ನೆನಪಿರಬಹುದು. ಆಗ ತಮ್ಮ ಸಹಾಯಕರು ಏನೂ ಕೋಪಿಸಿಕೊಳ್ಳದೆ ಎಡಗೈಯ ಕೈಗವಸು ಕಳಚಿ ತೋರಿಸಿದರು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. “ಯಾರೋ ನಿಮ್ಮ ಹಾಗೇ ಅಂದಾಜಲ್ಲಿ ಹೆಸರು ಬರೆದುಕೊಟ್ಟಿದ್ರು. ನಂಬಿ ಬೇರೆ ಪೀಪಾಯಿಗೆ ಹಾಕಿದೆ, ಉಕ್ಕಿ ಕೈಮೇಲೆ ಬಿತ್ತು” ಎಂದರು. ನಾನು ಬಾಟಲಿ ಎತ್ತಿಕೊಂಡು ತಲೆ ತಗ್ಗಿಸಿ ಹೊರಗೆ ಬಂದೆ. ನಿಜ ಹೇಳುತ್ತೇನೆ, ನನಗೆ ತುಂಬಾ ನಾಚಿಕೆಯಾಯಿತು.

ಮನೆಗೆ ಬಂದು ಭೂತಗನ್ನಡಿ ಹಿಡಿದು ತಮ್ಮ ನಮೂನೆಯನ್ನು ಮೊದಲ ಸಲ ಪೂರ್ತಿ ಓದಿದೆ. ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ವಸ್ತು ಯಾವುದೆಂದು ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯಿರಿ, ಅಂಥವನ್ನು ಪ್ರತ್ಯೇಕವಾಗಿ ಸ್ವೀಕರಿಸಲಾಗುವುದು ಎಂದಿತ್ತು. ಮೂರು ಬಾರಿಯೂ ತಾವು ಕೆಳಗಿನ ಸಾಲು ಓದಿ ಎಂದು ಹೇಳಿದ್ದಿರಿ. ಕರಡು ತಿದ್ದುವವನಿಗೇ ಓದಲು ಹೇಳುತ್ತಾರಲ್ಲ ಎಂದು ನಾನು ಮೂರು ಬಾರಿಯೂ ಸಿಡಿಮಿಡಿಗೊಂಡಿದ್ದೆ. ಆದ್ದರಿಂದ ತಮ್ಮ ಮೇಲೆ ನನ್ನ ದೂರು ಇಷ್ಟೇ: ಇಷ್ಟು ಸುಲಭವಾದ ನಿಯಮವನ್ನು ನನ್ನಂಥ ಕಷ್ಟದ ಮನುಷ್ಯನಿಗೆ ಕೊಡಬಾರದಿತ್ತು. ಮನೆಯಲ್ಲಿ, ಪ್ರೆಸ್ಸಿನಲ್ಲಿ, ಎಲ್ಲಿಯೂ ನಾನು ಆ ಒಂದು ಪದವನ್ನು ಆಡಿದವನಲ್ಲ. ಸಾಧ್ಯವಾದರೆ ತಾವು ನನ್ನಂಥವರಿಗಾಗಿಯೇ ಒಂದು ಪೀಪಾಯಿ ಇಟ್ಟು, ನಮ್ಮ ಮೂವತ್ತು ಮೂವತ್ತು ವರ್ಷದ ಜಂಭವನ್ನು ಸೋರದಂತೆ ಮುಚ್ಚಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ಮಕ್ಕಳ ಕೈಗೆ ಸಿಗದಷ್ಟು ದೂರ ಸಾಗಿಸಬೇಕಾಗಿ ವಿನಂತಿ.

ಮುಂದಿನ ಶನಿವಾರ ನಾಲ್ಕನೇ ಬಾರಿ ಬರುತ್ತಿದ್ದೇನೆ. ಈಗಾಗಲೇ ಹೊಸ ಪೆನ್ನು ಕೊಂಡು, ಮುದ್ರಿಸಿದ ಲೇಬಲ್ ಕಿತ್ತುಹಾಕಿ, ಬಾಟಲಿಯ ಮೇಲೆ ‘ಗೊತ್ತಿಲ್ಲ’ ಎಂದು ಕೈಯಲ್ಲೇ ಬರೆದಿದ್ದೇನೆ. ಅಕ್ಷರ ಸೊಟ್ಟಗಿದೆ, ಸಹಿಸಿಕೊಳ್ಳಿ. ಮಗಳು ಅಂದು ಹನ್ನೆರಡೂವರೆಗೆ ಪುಟ್ಟಿಯನ್ನು ಎತ್ತಿಕೊಂಡು ಗೇಟಿನ ಬಳಿ ಕಾಯುತ್ತೇನೆಂದು ಹೇಳಿದ್ದಾಳೆ. ದಯವಿಟ್ಟು ನನ್ನನ್ನು ಬರಿಗೈಯಲ್ಲಿ ಕಳಿಸಿಕೊಡಿ.

ಇಂತಿ, ಮೂರು ಬಾರಿ ತಿರಸ್ಕೃತನಾದ,
ತಮ್ಮ ವಿಶ್ವಾಸಿ,
ಬಾಟಲಿ ಯಜಮಾನ

ಮರೆತ ಮಾತು: ಅಷ್ಟು ಮುಖ್ಯವಾದ ಸಾಲನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ ಮೂರ್ಖ ಯಾರೆಂದು ಪತ್ತೆ ಮಾಡಿ ತಮಗೆ ತಿಳಿಸಲು, ನಮೂನೆಯ ಅಂಚಿನಲ್ಲಿ ಮುದ್ರಣಾಲಯದ ಹೆಸರು ಹುಡುಕಿದೆ. ನಮ್ಮದೇ ಪ್ರೆಸ್ಸು. ಹಳೆಯ ಕಡತ ತೆಗೆಸಿದೆ. ‘ಈ ಸಾಲು ದಪ್ಪ ಅಕ್ಷರದಲ್ಲಿ ಇರಲಿ’ ಎಂದು ತಾವು ಕರಡಿನ ಮೇಲೆ ಬರೆದು ಕಳಿಸಿದ್ದಿರಿ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ‘ಇದು ಯಾರಿಗೆ ಬೇಕು? ಸಣ್ಣದಾಗಿಸಿ’ ಎಂದು ಬರೆದದ್ದು ನನ್ನದೇ ಕೈ.